ಅತ್ತೆ ಎದ್ದು ನಿಂತ ಭಾನುವಾರ

ನಾನು ಮೂರು ವರ್ಷದ ಕೂಸಾಗಿದ್ದಾಗ ಅಮ್ಮ ತೀರಿಕೊಂಡಳು. ಅವಳ ಮುಖ ನನಗೆ ನೆನಪಿಲ್ಲ. ಅಮ್ಮ ಎಂದರೆ ಇವತ್ತಿಗೂ ನನ್ನ ಕಣ್ಣಿಗೆ ಬರುವುದು ಅತ್ತೆಯ ಮುಖ. ಅವಳು ಅಪ್ಪನ ಒಬ್ಬಳೇ ತಂಗಿ, ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಹೆರಿಗೆ ನರ್ಸು. ಅಮ್ಮನನ್ನು ಮಣ್ಣು ಮಾಡಿದ ವಾರವೇ ತನ್ನ ಟ್ರಂಕು ತಂದು ನಮ್ಮ ಮನೆಯ ಮೂಲೆಯಲ್ಲಿಟ್ಟಳಂತೆ. ಆಗ ಅವಳಿಗೆ ಒಂದು ಗಂಡು ನೋಡಿದ್ದರು. ಆ ಮಾತು ಅಲ್ಲಿಗೇ ನಿಂತುಹೋಯಿತು. ಮತ್ತೆ ಅದನ್ನು ಯಾರೂ ಎತ್ತಲಿಲ್ಲ, ಅಪ್ಪನೂ ಎತ್ತಲಿಲ್ಲ.

ಅಪ್ಪ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದರು. ನಮ್ಮದು ಕೆಲವೇ ಕುಟುಂಬಗಳ ಪುಟ್ಟ ಕ್ರೈಸ್ತ ಸಭೆ. ಗಿರಣಿಯವರು, ಮೇಷ್ಟ್ರುಗಳು, ನರ್ಸುಗಳು, ಒಬ್ಬ ಕಾಂಪೌಂಡರ್ ಎಲ್ಲ ಸೇರುತ್ತಿದ್ದ ಹಂಚಿನ ಮಾಡಿನ ದೇವಾಲಯ. ಅಲ್ಲಿ ಅಪ್ಪ ಸಭೆಯನ್ನು ನಡೆಸುವ ಹಿರಿಯರಲ್ಲಿ ಒಬ್ಬರು. ಕುಡಿತವಿಲ್ಲ, ಬೀಡಿ ಇಲ್ಲ, ಬಾಯಿಂದ ಒಂದು ಕೆಟ್ಟ ಮಾತು ಬಂದದ್ದಿಲ್ಲ. ಯಾರಾದರೂ ಎರಡು ಭಾನುವಾರ ಆರಾಧನೆಗೆ ಬಾರದಿದ್ದರೆ ಮೂರನೆಯ ವಾರ ಅವರ ಮನೆಯ ಮುಂದೆ ಅಪ್ಪನ ಸೈಕಲ್ಲು ನಿಂತಿರುತ್ತಿತ್ತು. ಜನ ಅವರಿಗೆ ಮರ್ಯಾದೆ ಕೊಡುತ್ತಿದ್ದರು, ಸ್ವಲ್ಪ ಹೆದರುತ್ತಲೂ ಇದ್ದರು. ಆ ಹೆದರಿಕೆ ಅಪ್ಪನಿಗೆ ಗೊತ್ತಿತ್ತು. ಅದು ಅವರಿಗೆ ಬೇಸರ ತಂದದ್ದನ್ನು ನಾನು ಕಂಡಿಲ್ಲ.

ನಾನು ಅವರ ಮಗಳೇ. ಸಂಡೇಸ್ಕೂಲಿನಲ್ಲಿ ಬಾಯಿಪಾಠದ ಬಹುಮಾನ ಸತತ ಮೂರು ವರ್ಷ ನನಗೇ ಬಂದಿತ್ತು. ದಶಾಜ್ಞೆಗಳನ್ನು ಹಿಂದುಮುಂದಾಗಿ ಕೇಳಿದರೂ ತಡವರಿಸದೆ ಹೇಳುತ್ತಿದ್ದೆ. ಬೇರೆ ಮಕ್ಕಳು ತಪ್ಪಿದಾಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಅದೂ ಒಂದು ಪಾಪ ಎಂದು ನನಗೆ ಯಾರೂ ಹೇಳಿರಲಿಲ್ಲ.

ಐವತ್ತರ ದಶಕದ ನಡುವಿನ ಮಾತು. ನನಗೆ ಹನ್ನೆರಡು ತುಂಬಿತ್ತು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಅತ್ತೆ ನನ್ನನ್ನು ರೈಲಿನಲ್ಲಿ ಹರಿಹರಕ್ಕೆ ಕರೆದುಕೊಂಡು ಹೋದಳು. ಅಪ್ಪನಿಗೆ ಹೇಳಿದ್ದು ಬೇರೆ: ಆನೆಕೊಂಡದಲ್ಲಿ ಒಬ್ಬ ಬಾಣಂತಿಯನ್ನು ನೋಡಿ ಬರುತ್ತೇವೆ ಎಂದು. ಹರಿಹರದ ಸ್ಟೇಷನ್ನಿನಲ್ಲಿ ಒಬ್ಬರು ನಮಗಾಗಿ ಕಾಯುತ್ತಿದ್ದರು. ಬಿಳಿ ಅಂಗಿ, ಮಾಸಲು ಕೋಟು, ತೆಳ್ಳಗಿನ ಮನುಷ್ಯ. ಅಪ್ಪನ ಗಿರಣಿಯ ಆಫೀಸಿನಲ್ಲೇ ಗುಮಾಸ್ತರು, ಕೊಕ್ಕನೂರಿನ ಒಕ್ಕಲು ಮನೆತನದವರು. ಎರಡು ವರ್ಷದ ಹಿಂದೆ ಅವರ ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ಮಗುವಿನ ಸಮೇತ ಹೋಗಿಬಿಟ್ಟಿದ್ದರು. ಆ ಹೆರಿಗೆಯಲ್ಲಿ ಕೊನೆಯವರೆಗೂ ಜೊತೆಗಿದ್ದವಳು ಅತ್ತೆ. ಹಾಗೆ ಶುರುವಾದ ಪರಿಚಯ ಅದು.

ನಾವು ಹೊಳೆಯ ಮರಳಿನ ಮೇಲೆ ಕೂತೆವು. ಅವರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದಿದ್ದರು. ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಅವರು ನನ್ನ ಶಾಲೆಯ ವಿಷಯ ಕೇಳಿದರು. ಅತ್ತೆ ಸುಮ್ಮನೆ ನೀರು ನೋಡುತ್ತಾ ನಗುತ್ತಿದ್ದಳು. ಅವಳು ಹಾಗೆ ಕಾರಣವಿಲ್ಲದೆ ನಕ್ಕದ್ದನ್ನು ಮನೆಯಲ್ಲಿ ನಾನು ನೋಡಿರಲಿಲ್ಲ. ವಾಪಸು ಬರುವಾಗ ರೈಲಿನಲ್ಲಿ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಾ ಹೇಳಿದಳು: "ಕೂಸೆ, ಹರಿಹರಕ್ಕೆ ಹೋಗಿದ್ದು ಅಪ್ಪಗ ಹೇಳಬ್ಯಾಡ. ಹೇಳೋ ಹೊತ್ತು ಬಂದಾಗ ನಾನೇ ಹೇಳ್ತೀನಿ."

"ಇಲ್ಲತ್ತೆ, ಹೇಳಂಗಿಲ್ಲ" ಎಂದೆ.

ಆ ಮಾತನ್ನು ನಾನು ಎರಡು ತಿಂಗಳು ಉಳಿಸಿಕೊಂಡೆ.

ನಮ್ಮ ಸಭೆಯಲ್ಲಿ ಸರದಿಯ ಮೇಲೆ ಮನೆಮನೆಯಲ್ಲಿ ಸಂಜೆಯ ಪ್ರಾರ್ಥನಾಕೂಟ ನಡೆಯುತ್ತಿತ್ತು. ಆ ವಾರ ನಮ್ಮ ಮನೆ. ಪಾಸ್ಟರ್ ಅಯ್ಯನವರು, ಇಬ್ಬರು ಹಿರಿಯರು, ನೆರೆಹೊರೆಯ ವಿಶ್ವಾಸಿಗಳು ಚಾಪೆಯ ಮೇಲೆ ಕೂತಿದ್ದರು. ಪ್ರಾರ್ಥನೆ ಮುಗಿದ ಮೇಲೆ ಅಯ್ಯನವರು ನನ್ನನ್ನು ಕರೆದು ಆಜ್ಞೆಗಳನ್ನು ಹೇಳಿಸಿದರು. ನಾನು ಕೈಕಟ್ಟಿ ನಿಂತು ಒಂದು ಅಕ್ಷರ ಬಿಡದೆ ಹೇಳಿದೆ. ಎಲ್ಲರೂ ಭೇಷ್ ಎಂದರು. ಅಯ್ಯನವರು ವಯಸ್ಸಾದವರು, ತಮಾಷೆಯ ಮನುಷ್ಯ. ನನ್ನ ಗಲ್ಲ ಹಿಡಿದು ಕೇಳಿದರು:

"ಬಾಯಿಪಾಠ ಆತು ಬಿಡವ್ವ. ಅದರಂಗೆ ನಡೆಯೋದು ಹೆಂಗೆ? ನೀನು ಸುಳ್ಳು ಹೇಳ್ತಿಯೇನು?"

"ಇಲ್ರಿ ಅಯ್ಯನವ್ರೆ. ನಾನು ಒಂದೂ ಹೇಳಿಲ್ಲ."

"ಮತ್ತೆ ಈ ಮನೇಲಿ ಯಾರು ಹೇಳ್ತಾರೆ? ಅಪ್ಪ ಹೇಳ್ತಾರೇನು?"

ಎಲ್ಲರೂ ನಕ್ಕರು. ಎಲ್ಲರ ಕಣ್ಣೂ ನನ್ನ ಮೇಲಿತ್ತು. ಆ ಗಳಿಗೆಯನ್ನು ನಾನು ಸಾವಿರ ಸಲ ನೆನೆದಿದ್ದೇನೆ. ಯಾರೂ ನನ್ನನ್ನು ಒತ್ತಾಯಿಸಲಿಲ್ಲ, ಹೆದರಿಸಲಿಲ್ಲ. ಇನ್ನೂ ಒಂದು ಸಲ ಭೇಷ್ ಅನ್ನಿಸಿಕೊಳ್ಳುವ ಆಸೆ, ಅಷ್ಟೇ.

"ಅಪ್ಪ ಹೇಳಲ್ರಿ. ಅತ್ತೆ ಹೇಳಿದ್ಲು. ಆನೆಕೊಂಡಕ್ಕೆ ಅಂತ ಹೇಳಿ ಹರಿಹರಕ್ಕೆ ಹೋಗಿದ್ವಿ. ಅಲ್ಲಿ ಅಪ್ಪನ ಮಿಲ್ಲಿನ ಗುಮಾಸ್ತ್ರು ಬಂದಿದ್ರು."

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯನ್ನು ಬೀಳಿಸಲಿಲ್ಲ. ಒಳಗೆ ಬಂದು ಒಬ್ಬೊಬ್ಬರಿಗೂ ಲೋಟ ಕೊಟ್ಟಳು, ಕೊನೆಯ ಲೋಟವನ್ನು ಅಪ್ಪನ ಮುಂದಿಟ್ಟಳು. ಅಪ್ಪ ಅದನ್ನು ಮುಟ್ಟಲಿಲ್ಲ. ನನಗೆ ಭೇಷ್ ಎಂದು ಯಾರೂ ಹೇಳಲಿಲ್ಲ.

ಅಯ್ಯನವರಿಗೆ ಈ ವಿಷಯ ಬೆಳೆಸುವ ಮನಸ್ಸಿರಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ಅಪ್ಪನ ಕೈ ಹಿಡಿದು ಹೇಳಿದ್ದನ್ನು ನಾನು ಕೇಳಿಸಿಕೊಂಡೆ: "ಮನೆ ಒಳಗೇ ಮಾತಾಡಿ ಮುಗಿಸ್ರಿ. ಆಕಿ ಕೆಟ್ಟ ಹೆಣ್ಣುಮಗಳಲ್ಲ."

ಅಪ್ಪ ಒಪ್ಪಲಿಲ್ಲ. "ಬ್ಯಾರೆಯವರ ಮನೆ ಹೆಣ್ಣುಮಕ್ಕಳಾಗಿದ್ರೆ ನಾನು ಸುಮ್ನಿರ್ತಿದ್ನಾ ಅಯ್ಯನವ್ರೆ? ನನ್ನ ತಂಗಿ ಅಂತ ಬಿಟ್ರೆ ನಾಳೆ ಸಭೇಲಿ ನಾನು ಹೆಂಗೆ ತಲೆಯೆತ್ತಿ ಕೂಡ್ಲಿ?"

ಗುಮಾಸ್ತರು ಒಂದು ಸಲ ನಮ್ಮ ಮನೆಗೆ ಬಂದರು. ಮದುವೆಯಾಗುತ್ತೇನೆ ಎಂದು ಹೇಳಲು ಬಂದಿದ್ದರೆಂದು ನನಗೆ ತಿಳಿದದ್ದು ಆಮೇಲೆ. ಅಪ್ಪ ಹೊಸ್ತಿಲಲ್ಲೇ ನಿಂತು, ಒಳಗೆ ಬರ್ರಿ ಎಂದೂ ಹೇಳದೆ, ನಮ್ಮ ವಿಶ್ವಾಸದಲ್ಲಿ ಇಲ್ಲದವರಿಗೆ ಹೆಣ್ಣು ಕೊಡುವುದಿಲ್ಲ ಎಂದು ಕಳಿಸಿಬಿಟ್ಟರು.

ಆ ತಿಂಗಳು, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರ, ಅತ್ತೆ ಸಭೆಯ ಮುಂದೆ ಎದ್ದು ನಿಂತು ತಪ್ಪೊಪ್ಪಿಕೊಳ್ಳಬೇಕೆಂದು ಹಿರಿಯರು ತೀರ್ಮಾನಿಸಿದರು. ಅವಳು ಬಿಳಿ ಸೀರೆಯುಟ್ಟು ಬಂದಿದ್ದಳು. ಪ್ರಸಂಗ ಮುಗಿದ ಮೇಲೆ ಅಯ್ಯನವರು ತಲೆ ಬಗ್ಗಿಸಿಕೊಂಡೇ ಅವಳನ್ನು ಕರೆದರು. ಹೆಂಗಸರ ಕಡೆಯ ಚಾಪೆಯಿಂದ ಅವಳು ಎದ್ದಳು. ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಅವಳ ಸೆರಗಿನ ತುದಿ ನನ್ನ ಮೊಣಕಾಲಿನ ಮೇಲಿತ್ತು.

"ನನ್ನ ಅಣ್ಣಗೆ ನಾನು ಸುಳ್ಳು ಹೇಳಿದ್ದೆ. ಅದು ಪಾಪ. ದೇವರ ಮುಂದೆ, ನಿಮ್ಮೆಲ್ಲರ ಮುಂದೆ ಕ್ಷಮೆ ಕೇಳ್ತೀನಿ" ಎಂದಳು. ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಮುಗಿಯುತ್ತಿತ್ತೇನೋ. ಅವಳು ಅಪ್ಪನ ಕಡೆ ನೋಡಿದಳು. "ಒಬ್ಬ ಮನುಷ್ಯನ್ನ ಮೆಚ್ಚಿದೆ. ಅದಕ್ಕ ಕ್ಷಮೆ ಕೇಳಂಗಿಲ್ಲ. ಅದರಾಗ ಪಾಪ ಏನೈತಿ ಅಂತ ನನಗ ಗೊತ್ತಿಲ್ಲ."

ಅಪ್ಪ ಎದ್ದರು. "ಇದು ಅರ್ಧ ಪಶ್ಚಾತ್ತಾಪ. ಅರ್ಧ ಪಶ್ಚಾತ್ತಾಪ ಪಶ್ಚಾತ್ತಾಪ ಅಲ್ಲ" ಎಂದರು.

ಪೂರ್ಣ ಮನಸ್ಸಿನಿಂದ ಒಪ್ಪಿಕೊಳ್ಳುವವರೆಗೆ ಅವಳಿಗೆ ಕರ್ತನ ಭೋಜನ ಇಲ್ಲವೆಂದಾಯಿತು. ಅವತ್ತು ಎಲ್ಲರೂ ಮುಂದೆ ಹೋಗಿ ಮೊಣಕಾಲೂರಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವಾಗ ಅವಳು ಖಾಲಿ ಚಾಪೆಯ ಮೇಲೆ ಒಬ್ಬಳೇ ನೆಟ್ಟಗೆ ಕೂತಿದ್ದಳು. ಅಪ್ಪನಿಗೆ ಎಷ್ಟು ಬಿಗುಮಾನವಿತ್ತೋ ಅವಳಿಗೂ ಅಷ್ಟೇ ಇತ್ತು. ಒಂದೇ ತಾಯಿಯ ಮಕ್ಕಳು.

ತಿಂಗಳೊಳಗೆ ಅವಳು ಹರಿಹರದಲ್ಲಿ ಕೆಲಸ ಹುಡುಕಿಕೊಂಡಳು. ಟ್ರಂಕು ಜಟಕಾದಲ್ಲಿಟ್ಟು ಹೊರಟಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಅವಳು ನನ್ನನ್ನು ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, "ನೀನು ಸತ್ಯ ಹೇಳ್ದಿ, ಮಗಳೆ. ಅಳಬ್ಯಾಡ" ಎಂದರು. ಒಂದು ವಾರ ಆ ಮಾತನ್ನು ಹಿಡಿದುಕೊಂಡಿದ್ದೆ. ನಾನು ಸತ್ಯ ಹೇಳಿದ್ದೆ, ನಿಜ. ಆದರೆ ಸತ್ಯಕ್ಕಾಗಿ ಹೇಳಿರಲಿಲ್ಲ. ಅದು ನನಗೆ ಮಾತ್ರ ಗೊತ್ತಿತ್ತು.

ಮರುವರ್ಷ ನಾನು ದೊಡ್ಡವಳಾದೆ. ಅಪ್ಪ ಪಾಳಿಗೆ ಹೋಗಿದ್ದರು. ಏನಾಗಿದೆಯೆಂದು ತಿಳಿಯದೆ, ಸಾಯುತ್ತೇನೆಂದುಕೊಂಡು ಬಚ್ಚಲಲ್ಲಿ ಕೂತು ಅಳುತ್ತಿದ್ದೆ. ಪಕ್ಕದ ಮನೆಯ ದರ್ಜಿಯ ಹೆಂಡತಿ ಗೋಡೆಯಾಚೆಯಿಂದ ಕೇಳಿಸಿಕೊಂಡು ಬಂದರು. ಬಿಸಿನೀರು ಕಾಯಿಸಿ, ಹಳೆಯ ಬಟ್ಟೆ ಹರಿದುಕೊಟ್ಟು, ಬೆನ್ನು ಸವರಿದರು. "ರೋನಾ ನಹೀ ಬೇಟಿ, ಅಳಬ್ಯಾಡ. ಇದು ಎಲ್ಲರಿಗೂ ಆಗೋದೇ" ಎಂದರು. ಆಮೇಲೆ ತಮ್ಮಷ್ಟಕ್ಕೇ, "ನರ್ಸಮ್ಮ ಇರಬೇಕಿತ್ತು" ಎಂದರು. ನನ್ನ ಅಳು ಇನ್ನೂ ಜೋರಾಯಿತು.

ದಾವಣಗೆರೆಯಿಂದ ಹರಿಹರ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಒಂಬತ್ತು ವರ್ಷ ನಮ್ಮ ಮನೆಯಿಂದ ಯಾರೂ ಆ ದಾರಿ ತುಳಿಯಲಿಲ್ಲ. ಹರಿಹರದ ಹೆಸರೇ ಮನೆಯಲ್ಲಿ ಬರುತ್ತಿರಲಿಲ್ಲ. ನಾನು ಓದಿದೆ, ಟೀಚರ್ ಟ್ರೇನಿಂಗ್ ಮುಗಿಸಿದೆ, ಪ್ರಾಥಮಿಕ ಶಾಲೆಗೆ ಸೇರಿದೆ. ಹಳೆಯ ಅಯ್ಯನವರು ಹೋಗಿ ಹೊಸಬರು ಬಂದರು, ಚಿಕ್ಕ ವಯಸ್ಸಿನವರು. ಗಿರಣಿಯ ಹತ್ತಿಯ ಧೂಳು ಅಷ್ಟು ಹೊತ್ತಿಗೆ ಅಪ್ಪನ ಎದೆಯೊಳಗೆ ಮನೆ ಮಾಡಿತ್ತು. ನಾಲ್ಕು ಹೆಜ್ಜೆಗೆ ಏದುಸಿರು. ಮಲಗಿದರೆ ಕೆಮ್ಮು, ಕೂತರೆ ಕೆಮ್ಮು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು.

"ಅತ್ತೆಗೆ ಹೇಳಿ ಕಳಿಸ್ಲಾ ಅಪ್ಪ?" ಎಂದೆ.

"ಆಕಿ ಬಂದು ತಪ್ಪಾತು ಅಂದ್ರೆ ಬಾಗಿಲು ತೆಗೆದೇ ಐತೆ" ಎಂದರು.

ಆ ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಹರಿಹರಕ್ಕೆ ಹೋದೆ. ಆಸ್ಪತ್ರೆಯಲ್ಲಿ ವಿಚಾರಿಸಿದರೆ, "ನರ್ಸಮ್ಮನ ಮನೆ ಹೊಳೆ ದಾರೀಲಿ ಐತ್ರಿ" ಎಂದರು. ಒಂದೇ ಕೋಣೆಯ ಮನೆ. ಹೊರಗಿನ ಕಟ್ಟೆಯ ಮೇಲೆ ಕೂಸುಗಳನ್ನೆತ್ತಿಕೊಂಡ ಹಳ್ಳಿಯ ಹೆಂಗಸರು ಕೂತಿದ್ದರು. ಅತ್ತೆ ಒಂದು ಮಗುವಿನ ಹೊಕ್ಕುಳಿಗೆ ಔಷಧಿ ಹಚ್ಚುತ್ತಿದ್ದಳು. ತಲೆ ಅರ್ಧಕ್ಕರ್ಧ ನರೆತಿತ್ತು. ನನ್ನನ್ನು ನೋಡಿದಳು. ಕೈ ನಿಲ್ಲಿಸಲಿಲ್ಲ.

"ಬಾ, ಒಳಗೆ ಕೂಡು" ಎಂದಳು. "ಉಂಡಿಯೇನು?"

ಹೆಂಗಸರೆಲ್ಲ ಹೋದ ಮೇಲೆ ನನಗೆ ರೊಟ್ಟಿ ಹಾಕಿಕೊಟ್ಟಳು. ಅವಳ ಕಾಲು ಹಿಡಿದು ಕ್ಷಮೆ ಕೇಳಬೇಕೆಂದು ರೈಲಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆದರೆ ಬೇರೆಯೇ ಬಂತು: "ಅಪ್ಪಗ ಹುಷಾರಿಲ್ಲ. ಬಾಳ ದಿನ ಇಲ್ಲ ಅಂತಾರೆ."

ಅವಳು ರೊಟ್ಟಿಯ ಬುಟ್ಟಿ ಮುಚ್ಚಿಟ್ಟು ಕೇಳಿದಳು: "ಕರಿತಾನೇನು ನನ್ನ?"

"ಹೂಂ" ಎಂದೆ. "ಕರಿತಾರೆ. ನಿನ್ನ ನೋಡ್ಬೇಕು ಅಂತಾರೆ."

ಅದು ಸುಳ್ಳು. ಗೊತ್ತಿದ್ದೂ ಹೇಳಿದೆ. ಅವಳು ಆಗಲೇ ಎದ್ದು ಚೀಲಕ್ಕೆ ಎರಡು ಸೀರೆ ತುಂಬತೊಡಗಿದಳು.

ದಾವಣಗೆರೆಗೆ ಬಂದಾಗ ಅಪ್ಪ ದಿಂಬಿಗೊರಗಿ ಕೂತಿದ್ದರು. ಹೊಸ್ತಿಲಲ್ಲಿ ಅತ್ತೆಯನ್ನು ಕಂಡು ಅವರ ಮುಖದಲ್ಲಿ ಒಂದು ಕ್ಷಣ ಏನೋ ಸಡಿಲವಾಯಿತು. ಮರುಕ್ಷಣ ಬಿಗಿಯಾಯಿತು.

"ಯಾರು ಕರೆದ್ರು ಈಕಿನ್ನ?"

ಅತ್ತೆ ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ. ಅವಳು ಹಾಗೇ ತಿರುಗಿ ಹೋಗಬಹುದಿತ್ತು. ರೈಲೂ ಇತ್ತು. ಆದರೆ ಅಪ್ಪನಿಗೆ ಅದೇ ಹೊತ್ತಿಗೆ ಕೆಮ್ಮು ಹತ್ತಿತು, ನಿಲ್ಲಲೇ ಇಲ್ಲ. ಅತ್ತೆ ಚೀಲ ಕೆಳಗಿಟ್ಟು ಹೋಗಿ ಅವರ ಬೆನ್ನಿಗೆ ಕೈಕೊಟ್ಟು ಮುಂದಕ್ಕೆ ಬಾಗಿಸಿ ಹಿಡಿದಳು. ಕೆಮ್ಮು ನಿಂತ ಮೇಲೆ ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು. ಅವಳು ಉಳಿದಳು.

ಎರಡು ವಾರ ಹೀಗೇ ನಡೆಯಿತು. ಮೈ ಒರೆಸುವುದು, ಗಂಜಿ ಕುಡಿಸುವುದು, ಹಾಸಿಗೆ ಬದಲಿಸುವುದು ಎಲ್ಲ ಅವಳೇ. ಅಪ್ಪ ಅವಳ ಕೈಯಿಂದ ನೀರು ಕುಡಿಯುತ್ತಿದ್ದರು, ಮಾತಾಡುತ್ತಿರಲಿಲ್ಲ. ಅವಳೂ ಆಡಿಸಲು ಹೋಗಲಿಲ್ಲ. ನನ್ನ ಸುಳ್ಳಿನ ವಿಷಯವನ್ನೂ ಎತ್ತಲಿಲ್ಲ.

ಒಂದು ಮಧ್ಯಾಹ್ನ ನಾನು ಮೂಲೆಯಲ್ಲಿ ಮಕ್ಕಳ ಕಾಪಿಪುಸ್ತಕ ತಿದ್ದುತ್ತಿದ್ದೆ. ಅತ್ತೆ ಅಪ್ಪನ ಉಗುರು ಕತ್ತರಿಸುತ್ತಿದ್ದಳು. ಅಪ್ಪ ಸೂರು ನೋಡುತ್ತಾ ಕೇಳಿದರು:

"ಆ ಮನುಷ್ಯ ಎಲ್ಲದಾನೆ?"

ಒಂಬತ್ತು ವರ್ಷದಲ್ಲಿ ಅವರು ತಂಗಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ಮಿಲ್ಲು ಬಿಟ್ಟು ಊರಾಗೇ ಕಮತ ಮಾಡ್ತಾರೆ. ಅವ್ರ ತಾಯಿ ನನ್ನ ಒಪ್ಪದೆ ತಮ್ಮವ್ರಲ್ಲೇ ಹೆಣ್ಣು ತಂದು ಮದುವೆ ಮಾಡಿದ್ರು. ಮೂರು ಮಕ್ಕಳು."

"ನಿನಗೆ ಹೆಂಗೆ ಗೊತ್ತು?"

ಅವಳು ಇನ್ನೊಂದು ಬೆರಳು ಹಿಡಿದಳು. "ಮೂರೂ ಹೆರಿಗೆ ನಾನೇ ಮಾಡ್ಸಿದ್ದು ಅಣ್ಣ. ಮೊದಲನೇದಕ್ಕ ಗಾಡಿ ಕಟ್ಕೊಂಡು ಅವ್ರೇ ಬಂದಿದ್ರು. ಬಾಗಿಲಲ್ಲಿ ನಿಂತ್ರು, ಒಂದು ಮಾತೂ ಬರ್ಲಿಲ್ಲ ಬಾಯಿಂದ. ಮೊದಲ ಹೆಂಡ್ತಿನ್ನ ಕಳ್ಕೊಂಡ ಮನುಷ್ಯ, ಹೆದರಿದ್ರು. ನಾನು ಚೀಲ ತಗೊಂಡು ಗಾಡಿ ಹತ್ತಿದೆ."

"ಹೆಂಗೆ ಹೋದಿ?"

"ಹೋಗೋವಾಗ ಸಿಟ್ಟಿತ್ತು. ಆ ಹೆಣ್ಣುಮಗಳು ಬ್ಯಾನಿ ತಿಂತಾ ನನ್ನ ಕೈ ಹಿಡ್ಕಂಡಾಗ ಎಲ್ಲಾ ಮರೆತೋತು."

ಅಪ್ಪ ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಿನಿಂದ ನೀರು ಕಿವಿಯ ಕಡೆಗೆ ಹರಿಯಿತು. ಕೊನೆಗೆ, "ನೀರು ಕೊಡು" ಎಂದರು. ಜೀವನವಿಡೀ ಇನ್ನೊಬ್ಬರಿಂದ ತಪ್ಪೊಪ್ಪಿಗೆ ಕೇಳಿದವರಿಗೆ ‘ತಪ್ಪಾತು’ ಎಂಬ ಪದ ಬಾಯಲ್ಲಿ ಹೊರಳಲಿಲ್ಲ.

ಆ ಭಾನುವಾರ ಹೊಸ ಪಾಸ್ಟರು ಅಪ್ಪನಿಗೆ ಕರ್ತನ ಭೋಜನ ಕೊಡಲು ಮನೆಗೆ ಬಂದರು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ ರೊಟ್ಟಿ, ಬಟ್ಟಲು ಇಟ್ಟರು. ಅಪ್ಪ ಕೈಯೆತ್ತಿ ತಡೆದರು. ಉಸಿರು ಎಳೆದೆಳೆದು ಹೇಳಿದರು: "ಮೊದ್ಲು ನನ್ನ ತಂಗಿಗೆ ಕೊಡ್ರಿ. ಆಕಿಗಿಲ್ದದ್ದು ನನಗೂ ಬ್ಯಾಡ."

ಪಾಸ್ಟರು ಅತ್ತೆಯ ಕಡೆ ನೋಡಿದರು. "ಬನ್ನಿ ಅಕ್ಕ" ಎಂದರು.

ಅತ್ತೆ ಅಡುಗೆಮನೆಯ ಬಾಗಿಲಿನಿಂದ ಕದಲಲಿಲ್ಲ. "ಎಲ್ಲರ ಮುಂದೆ ನಿಲ್ಸಿ ಕಿತ್ಕಂಡಿದ್ದು ಅಯ್ಯನವ್ರೆ. ಹಿಂಗೆ ಬಾಗಿಲು ಹಾಕ್ಕೊಂಡು ಕೊಟ್ರೆ ನನಗ ಬ್ಯಾಡ. ಎಲ್ಲರ ಮುಂದೆ ಕೊಡ್ರಿ, ತಗೊಂತೀನಿ."

"ಅತ್ತೆ" ಎಂದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ಪಾಸ್ಟರು ಅಪ್ಪನನ್ನು ಮತ್ತೆ ಕೇಳಿದರು. ಅಪ್ಪ ಬೇಡವೆಂದು ಕೈ ಅಲ್ಲಾಡಿಸಿದರು. ಹಿರಿಯರ ಹತ್ತಿರ ಮಾತಾಡಿ ಬರುವ ಭಾನುವಾರವೇ ಸಭೆಯ ಮುಂದೆ ಕೊಡುತ್ತೇನೆ ಎಂದು ಹೇಳಿ ಅವರು ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟರು.

ಗುರುವಾರ ಬೆಳಿಗ್ಗೆ, ಮೊದಲ ಪಾಳಿಯ ಜನ ಬೀದಿಯಲ್ಲಿ ಹೋಗುತ್ತಿದ್ದಾಗ, ಅಪ್ಪನ ಉಸಿರು ನಿಂತಿತು. ಅತ್ತೆ ಅವರ ಮಣಿಕಟ್ಟು ಹಿಡಿದು ಬಹಳ ಹೊತ್ತು ಕೂತಿದ್ದಳು. ಆಮೇಲೆ ಹಣೆಯನ್ನು ಹಾಸಿಗೆಗೆ ಹಚ್ಚಿ, ನಾನು ಎಂದೂ ಕೇಳಿರದ ಧ್ವನಿಯಲ್ಲಿ ಅತ್ತಳು. "ಹಸಿದೋನ್ನ ಹಂಗೇ ಕಳಿಸ್ಬಿಟ್ನಲ್ಲೋ ಅಣ್ಣ" ಎನ್ನುತ್ತಿದ್ದಳು. ನೆರೆದವರು ಗಂಜಿ ಕುಡಿಯದೆ ಹೋದರೇನೋ ಎಂದುಕೊಂಡರು. ಅದು ಭಾನುವಾರ ವಾಪಸು ಹೋದ ರೊಟ್ಟಿ, ಬಟ್ಟಲಿನ ಮಾತೆಂದು ನನಗೆ ಗೊತ್ತಿತ್ತು.

ಮಣ್ಣಾದ ಮೂರನೆಯ ದಿನ ಭಾನುವಾರ. ಪಾಸ್ಟರು ಮಾತು ಉಳಿಸಿಕೊಂಡರು. ಸಭೆಯ ಮುಂದೆ, ಹಿರಿಯರೂ ಎದ್ದು ನಿಂತಿರುವಾಗ, ಅವಳನ್ನು ಕರೆದರು. ಅತ್ತೆ ಏಳಲಿಲ್ಲ. ನಾನು ಅವಳ ತೋಳು ಮುಟ್ಟಿದೆ. "ಈಗ ನಾನು ಅದಕ್ಕ ತಕ್ಕವಳಲ್ಲ" ಎಂದು ನನಗಷ್ಟೇ ಕೇಳುವಂತೆ ಹೇಳಿದಳು. ಜನ ಅವಳ ಬಿಗುಮಾನ ಇನ್ನೂ ಇಳಿದಿಲ್ಲ ಎಂದುಕೊಂಡಿರಬೇಕು. ಅವತ್ತು ಅವಳಲ್ಲಿ ಬಿಗುಮಾನವೇನೂ ಉಳಿದಿರಲಿಲ್ಲ.

ಅವಳನ್ನು ರೈಲು ಹತ್ತಿಸಲು ಹೋದಾಗ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಇಬ್ಬರೂ ಕೂತೆವು. ಹನ್ನೆರಡರ ವಯಸ್ಸಿನಿಂದ ಹೊತ್ತುಕೊಂಡದ್ದನ್ನು ಕೊನೆಗೂ ಹೇಳಿದೆ. ಸತ್ಯಕ್ಕಾಗಿ ಅಲ್ಲ, ಹೊಗಳಿಸಿಕೊಳ್ಳಲು ಹೇಳಿದ್ದು ಎಂದೆ. ಮೊನ್ನೆ ಹೇಳಿದ ಸುಳ್ಳನ್ನೂ ಒಪ್ಪಿಕೊಂಡೆ. "ನನ್ನ ಕ್ಷಮಿಸು ಅತ್ತೆ."

ಅವಳು ನನ್ನ ಕೈ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. "ಎರಡು ವರ್ಷ ಪ್ರಾರ್ಥನೆ ಮಾಡೋವಾಗ ನಿನ್ನ ಹೆಸರು ಬಾಯಿಗೆ ಬರ್ತಿರ್ಲಿಲ್ಲ. ಬ್ಯಾರೆ ಎಲ್ಲರ ಹೆಸರೂ ಬರ್ತಿತ್ತು. ಸುಳ್ಳು ಯಾಕ ಹೇಳ್ಲಿ? ಆಮೇಲೆ ಒಂದಿನ ಬಂತು. ಯಾಕ ಬಂತೋ ಗೊತ್ತಿಲ್ಲ. ಅವತ್ತಿಂದ ಬಿಟ್ಟಿಲ್ಲ." ನನ್ನ ಕೈ ಬಿಡದೆ, "ನೀನು ನನಗೊಂದು ಹೇಳು. ಆ ಭಾನುವಾರ ನಾನು ಎರಡು ಹೆಜ್ಜೆ ಮುಂದೆ ಬಂದಿದ್ರೆ ಸಾಕಿತ್ತು. ನಿಮ್ಮಪ್ಪ ತಗೊಂಡು ಹೋಗ್ತಿದ್ದ. ನನ್ನ ನೀನು ಕ್ಷಮಿಸ್ತಿಯೇನು?"

ಹೂಂ ಎಂದೆ.

ಅವಳು ಮುಂದೆ ಆರು ವರ್ಷ ಬದುಕಿದಳು. ಹದಿನೈದು ದಿನಕ್ಕೊಮ್ಮೆ ನಾನು ಹರಿಹರಕ್ಕೆ ಹೋಗುತ್ತಿದ್ದೆ. ಒಂದು ವರ್ಷದ ಮೇಲೆ, ಅಲ್ಲಿನ ಚಿಕ್ಕ ಆರಾಧನಾಮಂದಿರದಲ್ಲಿ, ಅವಳ ಕಥೆ ಏನೂ ಗೊತ್ತಿಲ್ಲದ ಜನರ ನಡುವೆ ಅವಳು ಮುಂದೆ ಹೋಗಿ ಮೊಣಕಾಲೂರಿದಳು. ನಾನೂ ಪಕ್ಕದಲ್ಲಿದ್ದೆ. ಎದ್ದು ಬರುವಾಗ ಅವಳ ಮುಖದಲ್ಲಿ ಸಮಾಧಾನ ಹುಡುಕಿದೆ. ಇತ್ತು, ಪೂರ್ತಿಯಾಗಿ ಅಲ್ಲ. ಅವತ್ತು ಊಟಕ್ಕೆ ಕೂತಾಗ ಅವಳು ಅಪ್ಪನ ಬಾಲ್ಯದ ಮಾತು ತೆಗೆದಳು. ಚಿಕ್ಕವನಿದ್ದಾಗ ಅವನು ಎಷ್ಟು ನಗುತ್ತಿದ್ದ, ಕೆರೆಯ ಏರಿಯ ಮೇಲೆ ಅವಳನ್ನು ಬೆನ್ನ ಮೇಲೆ ಕೂಡಿಸಿಕೊಂಡು ಹೇಗೆ ಓಡುತ್ತಿದ್ದ ಎಂದು ಸಂಜೆಯ ಬಸ್ಸಿನ ಹೊತ್ತಿನವರೆಗೂ ಹೇಳಿದಳು. ಅಂಥ ಅಪ್ಪನನ್ನು ನಾನು ಕಂಡೇ ಇರಲಿಲ್ಲ. ಕೇಳುತ್ತಾ ಕೂತೆ.